ಕಲ್ಲಿನ ಮೇಲೆ ಸೂತ್ರಧಾರಿಯ ಹೆಸರು

(ರಥೋತ್ಸವದ ಅಂಗವಾಗಿ ನಡೆದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ದೇವಸ್ಥಾನಕ್ಕೆ ಬರುವ ಭಕ್ತರು ಮೊದಲು ಗೋಪುರಕ್ಕೆ ಕೈಮುಗಿಯುತ್ತಾರೆ. ಕಾಲು ತೊಳೆದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬರುತ್ತಾರೆ. ಒಳಗೆ ಬಂದರೆ ಗೋಡೆಯ ತುಂಬ ಅಮೃತಶಿಲೆಯ ಫಲಕಗಳು. ಗರ್ಭಗುಡಿಯ ಬಾಗಿಲಿಗೆ ಬೆಳ್ಳಿಯ ತಗಡು ಹೊದಿಸಿದವರು ಇಂಥವರು, ಪ್ರಾಕಾರಕ್ಕೆ ಕಲ್ಲು ಹಾಸಿಸಿದವರು ಇಂಥವರು, ಊಟದ ಮನೆಗೆ ಪಾತ್ರೆ ಕೊಟ್ಟವರು ಇಂಥವರು. ಕೆಲವು ಕಡೆ ಫ್ಯಾನಿನ ರೆಕ್ಕೆಯ ಮೇಲೂ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೂ ದಾನಿಗಳ ಹೆಸರು ಇರುತ್ತದೆ. ಇದನ್ನು ಕಂಡು ನಗುವವರು ಉಂಟು. ನಗಬೇಕಾಗಿಲ್ಲ. ಕೊಟ್ಟವನ ಹೆಸರನ್ನು ನೆನೆಯುವುದು ಧರ್ಮವೇ. ಒಬ್ಬರ ಹೆಸರು ನೋಡಿ ಇನ್ನೊಬ್ಬರಿಗೆ ಕೊಡುವ ಮನಸ್ಸು ಬರುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ದುಡ್ಡು ಕೊಟ್ಟವರ ಹೆಸರು ಇದೆ, ಜೀರ್ಣೋದ್ಧಾರ ಸಮಿತಿಯವರ ಹೆಸರು ಇದೆ, ಉದ್ಘಾಟನೆ ಮಾಡಿದ ಮಂತ್ರಿಗಳ ಹೆಸರು ಇದೆ. ದಾರ ಹಿಡಿದು ಅಳತೆ ಮಾಡಿದವನ ಹೆಸರೆಲ್ಲಿ? ಬಿಸಿಲಲ್ಲಿ ಕೂತು ಉಳಿ ಹೊಡೆದವನ ಹೆಸರೆಲ್ಲಿ? ಇದೆ, ಒಂದು ಕಡೆ ಮಾತ್ರ ಇದೆ. ದೇವಸ್ಥಾನದ ಲೆಕ್ಕದ ಪುಸ್ತಕದಲ್ಲಿ, ಖರ್ಚಿನ ಬಾಬಿನಲ್ಲಿ, "ಸ್ಥಪತಿಗಳಿಗೆ ಪಾವತಿ" ಎಂದು ಬರೆದ ಸಾಲಿನಲ್ಲಿ. ದಾನಿಯ ಹೆಸರು ಜಮಾ ಕಡೆ, ಶಿಲ್ಪಿಯ ಹೆಸರು ಖರ್ಚಿನ ಕಡೆ. ಲೆಕ್ಕ ತಪಾಸಣೆ ಆದ ಮೇಲೆ ಆ ಪುಸ್ತಕ ಅಟ್ಟಕ್ಕೆ ಹೋಗುತ್ತದೆ, ಗೆದ್ದಲು ಹಿಡಿಯುತ್ತದೆ. ಗುಡಿ ನಿಂತಿರುತ್ತದೆ, ಕಟ್ಟಿದವನು ಯಾರೆಂದು ಮೊಮ್ಮಕ್ಕಳ ಕಾಲಕ್ಕೆ ಯಾರಿಗೂ ತಿಳಿಯದು.

ಹಿಂದಿನಿಂದಲೂ ಹೀಗೇ ನಡೆದು ಬಂದಿದೆ, ನಮ್ಮ ದೇಶದ ಶಿಲ್ಪಿಗಳು ಹೆಸರು ಬಯಸದವರು ಎಂದು ಹೇಳುವುದು ವಾಡಿಕೆ. ಈ ಮಾತು ಪೂರ್ತಿ ನಿಜವಲ್ಲ. ಕನ್ನಡ ನಾಡಿನಲ್ಲಿಯೇ ಸುಮಾರು 1280 ವರ್ಷಗಳ ಹಿಂದೆ ಒಬ್ಬ ವಾಸ್ತುಶಿಲ್ಪಿಗೆ ರಾಜಮರ್ಯಾದೆ ಮಾಡಿ, ಆ ಸಂಗತಿಯನ್ನು ಗುಡಿಯ ಬಾಗಿಲಲ್ಲಿ, ಬರುವವರು ಹೋಗುವವರು ಎಲ್ಲರೂ ನೋಡುವ ಜಾಗದಲ್ಲಿ, ಕನ್ನಡದಲ್ಲಿಯೇ ಕೆತ್ತಿಸಿಟ್ಟಿದ್ದಾರೆ. ಆ ಕಲ್ಲು ಇಂದಿಗೂ ಇದೆ. ಈ ದಿನದ ಮಾತು ಮುಖ್ಯವಾಗಿ ಆ ಕಲ್ಲಿನ ವಿಷಯ.

ಬಾದಾಮಿಗೆ ಹೋದವರಿಗೆ ಪಟ್ಟದಕಲ್ಲು ಗೊತ್ತು. ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭಾ ನದಿಯ ದಡದಲ್ಲಿ, ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿದೆ. ಹಳೆಯ ಹೆಸರು ಕಿಸುವೊಳಲ್, ಎಂದರೆ ಕೆಂಪು ಊರು. ಅಲ್ಲಿಯ ಕಲ್ಲೂ ಕೆಂಪು, ಮಣ್ಣೂ ಕೆಂಪು. ಚಾಲುಕ್ಯ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಜಾಗವಾದ್ದರಿಂದ ಪಟ್ಟದಕಲ್ಲು ಎಂಬ ಹೆಸರು ಬಂತು ಎನ್ನುತ್ತಾರೆ. 1987ರಲ್ಲಿ ಅಲ್ಲಿಯ ಗುಡಿಗಳ ಸಮೂಹವನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಗುಡಿಗಳಲ್ಲಿ ದೊಡ್ಡದು ವಿರೂಪಾಕ್ಷನದು. ಕಟ್ಟಿದಾಗ ಇದ್ದ ಹೆಸರು ಲೋಕೇಶ್ವರ. ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ಪಟ್ಟದರಾಣಿ ಲೋಕಮಹಾದೇವಿ. ಗಂಡನು ಪಲ್ಲವರ ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ಕ್ರಿ.ಶ. 740ರ ಸುಮಾರಿಗೆ ಇದನ್ನು ಕಟ್ಟಿಸಿದಳು. ಅವಳ ತಂಗಿ, ಅವಳೂ ಅದೇ ಅರಸನ ರಾಣಿ, ತ್ರೈಲೋಕ್ಯಮಹಾದೇವಿ ಪಕ್ಕದಲ್ಲಿಯೇ ಇನ್ನೊಂದು ಗುಡಿ ಕಟ್ಟಿಸಿದಳು. ಅದೇ ಈಗಿನ ಮಲ್ಲಿಕಾರ್ಜುನ ಗುಡಿ. ಅಕ್ಕ ತಂಗಿಯರು ಕಟ್ಟಿಸಿದ ಎರಡು ಗುಡಿಗಳು ಅಕ್ಕಪಕ್ಕದಲ್ಲಿ ನಿಂತಿರುವುದನ್ನು ಇಂದಿಗೂ ನೋಡಬಹುದು.

ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಎದುರಿಗೆ ನಂದಿಮಂಟಪ. ಸುತ್ತ ಪ್ರಾಕಾರ, ಪ್ರಾಕಾರದ ಉದ್ದಕ್ಕೂ ಸಣ್ಣ ಸಣ್ಣ ಗುಡಿಗಳು. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಓದು ಬರಹ ಬಾರದ ಹೆಂಗಸರೂ ಮಕ್ಕಳೂ ಕಂಬ ಸುತ್ತಿ ಬಂದರೆ ಸೀತಾಪಹರಣದ ಕಥೆ ತಿಳಿದುಕೊಳ್ಳಬಹುದು. ಕಲ್ಲಿನ ಜಾಲಂಧ್ರಗಳಿಂದ ಬೆಳಕು ಒಳಗೆ ಇಳಿಯುತ್ತದೆ. ಮೇಲೆ ದ್ರಾವಿಡ ಶೈಲಿಯ ವಿಮಾನ, ಅಂದರೆ ಕಂಚಿಯಲ್ಲಿ ಕಾಣುವ ಮಾದರಿಗೆ ಹತ್ತಿರವಾದದ್ದು. ಎಲ್ಲೋರದ ಕೈಲಾಸ ಗುಡಿಗೆ ಇದೇ ಮಾದರಿ ಆಯಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಇದು ಬರೀ ನೋಡುವ ಗುಡಿಯಲ್ಲ, ಇಂದಿಗೂ ಪೂಜೆ ನಡೆಯುವ ಗುಡಿ.

ಈ ಗುಡಿಯ ಮೂಡಣ ಮಹಾದ್ವಾರದ ಕಂಬಗಳ ಮೇಲೆ ಕನ್ನಡದ ಶಾಸನಗಳಿವೆ. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಎಂಬವರು 1881ರಲ್ಲಿ ಇವುಗಳನ್ನು ಓದಿ ಅಚ್ಚು ಮಾಡಿಸಿದರು. ಅವುಗಳಲ್ಲಿ ಹೇಳಿರುವುದು ಏನು? ಕಂಚಿಯನ್ನು ಮೂರು ಬಾರಿ ಗೆದ್ದ ವಿಕ್ರಮಾದಿತ್ಯನ ಮಹಾದೇವಿ ಲೋಕಮಹಾದೇವಿಯ ಲೋಕೇಶ್ವರ ದೇಗುಲವನ್ನು ಮಾಡಿದ ಸೂತ್ರಧಾರಿಗೆ ಪೆರ್ಜೆರೆಪು ಎಂಬ ಪಟ್ಟವನ್ನು ಕಟ್ಟಿದರು, ತ್ರಿಭುವನಾಚಾರಿ ಎಂಬ ಹೆಸರನ್ನು ಕೊಟ್ಟರು. ಆ ಸೂತ್ರಧಾರಿಯ ಹೆಸರು ಗುಂಡ ಅನಿವಾರಿತಾಚಾರಿ.

ಬಂಧುಗಳೇ, ಇಲ್ಲಿ ಒಂದೊಂದು ಮಾತನ್ನೂ ನಿಧಾನವಾಗಿ ನೋಡಬೇಕು.

ಮೊದಲನೆಯದು "ಸೂತ್ರಧಾರಿ" ಎಂಬ ಮಾತು. ಸೂತ್ರ ಎಂದರೆ ದಾರ. ದಾರ ಹಿಡಿದವನು ಸೂತ್ರಧಾರಿ. ಮನೆ ಕಟ್ಟುವಾಗ ಗಾರೆ ಕೆಲಸದವರು ಇಂದಿಗೂ ದಾರ ಕಟ್ಟುತ್ತಾರೆ, ತೂಕದ ಗುಂಡು ಇಳಿಬಿಡುತ್ತಾರೆ. ದಾರ ಒಂದು ಬೆರಳಿನಷ್ಟು ತಪ್ಪಿದರೆ ಗೋಡೆ ಮೇಲೆ ಹೋದಂತೆಲ್ಲ ವಾಲುತ್ತದೆ. ಸಿಮೆಂಟಿನ ಗೋಡೆಯಾದರೆ ಒಡೆದು ಕಟ್ಟಬಹುದು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸುವ ಗುಡಿಯಲ್ಲಿ ಹಾಗೆ ಮಾಡಲಾಗದು. ಬೆಟ್ಟದಲ್ಲಿ ಕಲ್ಲು ಆರಿಸುವುದರಿಂದ ಶಿಖರದ ಕಲಶದವರೆಗೆ ಎಲ್ಲ ಲೆಕ್ಕವೂ ಅವನ ತಲೆಯಲ್ಲಿ ಇರಬೇಕು. ಉಳಿ ಹಿಡಿದವರು ನೂರಾರು ಮಂದಿ ಇರಬಹುದು, ದಾರ ಹಿಡಿದವನು ಒಬ್ಬ. ಇಂಗ್ಲಿಷಿನಲ್ಲಿ ಆರ್ಕಿಟೆಕ್ಟ್ ಎಂದು ಯಾರನ್ನು ಕರೆಯುತ್ತೇವೋ ಅವನೇ ಈ ಸೂತ್ರಧಾರಿ.

ಎರಡನೆಯದು "ಪಟ್ಟ". ಪಟ್ಟ ಎಂದರೆ ಹಣೆಗೆ, ತಲೆಗೆ ಕಟ್ಟುವ ಗೌರವದ ಪಟ್ಟಿ. ಅರಸರಿಗೆ ಪಟ್ಟ ಕಟ್ಟುವ ಊರು ಎಂದು ಹೆಸರಾದ ಪಟ್ಟದಕಲ್ಲಿನಲ್ಲಿಯೇ ಒಬ್ಬ ಕಲ್ಲುಕೆಲಸದವನಿಗೂ ಪಟ್ಟ ಕಟ್ಟಿದರು. ಕೂಲಿ ಕೊಟ್ಟು ಕಳುಹಿಸಿದ್ದರೆ ಸಾಕಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಕೂಲಿಯಿಂದ ತೀರದ ಋಣ ಒಂದು ಉಂಟು ಎಂದು ಆ ರಾಣಿಗೆ ತಿಳಿದಿತ್ತು.

ಮೂರನೆಯದು "ತ್ರಿಭುವನಾಚಾರಿ". ಮೂರು ಲೋಕಕ್ಕೆ ಆಚಾರ್ಯ ಎಂಬ ಬಿರುದು. ಅವನ ಹೆಸರಿನಲ್ಲಿರುವ "ಅನಿವಾರಿತ" ಎಂಬುದು ಚಾಲುಕ್ಯ ಅರಸರ ಬಿರುದುಗಳಲ್ಲಿ ಒಂದು. ಯಾರೂ ತಡೆಯಲಾರದವನು ಎಂದು ಅರ್ಥ. ಅರಸರ ಬಿರುದು ಶಿಲ್ಪಿಯ ಹೆಸರಿನಲ್ಲಿ ಸೇರಿಕೊಂಡಿದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಇದನ್ನು ಬರೆಸಿದ ಜಾಗ. ಮಹಾದ್ವಾರ. ದೇವರ ದರ್ಶನಕ್ಕೆ ಹೋಗುವ ಪ್ರತಿಯೊಬ್ಬನೂ ದಾಟಿ ಹೋಗುವ ಬಾಗಿಲು. ಇಂಥ ಸಂಗತಿಯನ್ನು ತಾಮ್ರದ ತಗಡಿನಲ್ಲಿ ಬರೆಸಿ ಪೆಟ್ಟಿಗೆಯಲ್ಲಿ ಇಡಬಹುದಾಗಿತ್ತು. ಹಾಗೆ ಮಾಡದೆ ಎಲ್ಲರ ಕಣ್ಣಿಗೆ ಬೀಳುವಂತೆ ಬರೆಸಿದರು. ಅದೂ ದೊರೆಗಳ ಸಂಸ್ಕೃತದಲ್ಲಿ ಅಲ್ಲ, ಊರ ಜನರ ಮಾತಾದ ಕನ್ನಡದಲ್ಲಿ.

ಅಲ್ಲಿಯೇ ಸರ್ವಸಿದ್ಧಿ ಆಚಾರಿ ಎಂಬ ಹೆಸರಿನ ಇನ್ನೊಂದು ಪ್ರಶಂಸೆಯೂ ಇದೆ. ಅನೇಕ ಪುರಗಳನ್ನೂ ಕಟ್ಟಡಗಳನ್ನೂ ನಿರ್ಮಿಸಿದವನು, ಅರಮನೆ, ವಾಹನ, ಆಸನ, ಮಂಚಗಳನ್ನು ಮಾಡುವುದರಲ್ಲಿ ನಿಪುಣ, ತೆಂಕಣ ದಿಶೆಯ ಸೂತ್ರಧಾರಿ ಎಂದು ಹೊಗಳಿದ್ದಾರೆ. ಊರು ಕಟ್ಟುವವನೂ ಅವನೇ, ಮಂಚ ಮಾಡುವವನೂ ಅವನೇ. ದೊಡ್ಡ ಕೆಲಸ ಸಣ್ಣ ಕೆಲಸ ಎಂಬ ಭೇದ ಆ ಹೊಗಳಿಕೆಯಲ್ಲಿ ಇಲ್ಲ.

ಗೌರವ ದೊಡ್ಡವನೊಬ್ಬನಿಗೇ ಸಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಪಟ್ಟದಕಲ್ಲಿನ ಗುಡಿಗಳಲ್ಲಿ ಚೆಂಗಮ್ಮ, ಪುಲ್ಲಪ್ಪ, ಬಲದೇವ, ರೇವಡಿ ಓವಜ್ಜ ಮೊದಲಾದ ಶಿಲ್ಪಿಗಳ ಹೆಸರುಗಳು ಕಲ್ಲಿನ ಮೇಲೆ ಉಳಿದಿವೆ. ಗುಡಿಯಲ್ಲಿ ಹಾಡುವ ಗಾಯಕರಿಗೆ ವಿಜಯಾದಿತ್ಯ ಅರಸ ಮೊದಲು ಕೊಟ್ಟಿದ್ದ ದತ್ತಿಯನ್ನು ಲೋಕಮಹಾದೇವಿ ಹಾಗೆಯೇ ಮುಂದುವರಿಸಿದಳೆಂದು ಶಾಸನ ಹೇಳುತ್ತದೆ. ಅಚಲ ಎಂಬ ನಾಟ್ಯಗಾರನ ಹೊಗಳಿಕೆ ಇದೆ. ಚಲಬ್ಬೆ ಎಂಬ ದೇವಾಲಯದ ಸೇವೆಯ ಹೆಣ್ಣುಮಗಳು ಕಂಬಗಳನ್ನು ಮಾಡಿಸಿಕೊಟ್ಟದ್ದು ದಾಖಲಾಗಿದೆ. ರಾಣಿಯ ಹೆಸರು, ದಾರ ಹಿಡಿದವನ ಹೆಸರು, ಉಳಿ ಹಿಡಿದವನ ಹೆಸರು, ಹಾಡಿದವರ, ಕುಣಿದವರ ನೆನಪು, ಎಲ್ಲವೂ ಒಂದೇ ಊರಿನ ಕಲ್ಲುಗಳ ಮೇಲೆ. ಹತ್ತಿರದ ಐಹೊಳೆಯಲ್ಲಿ ನರಸೊಬ್ಬ ಎಂಬ ಶಿಲ್ಪಿಯ ಬಗ್ಗೆ, ಮನೆ ದೇಗುಲ ಕಟ್ಟುವುದರಲ್ಲಿ ಇವನಿಗೆ ಸಮನಾದವರು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಬರುವುದಿಲ್ಲ ಎಂಬ ಅರ್ಥದ ಬರಹ ಇದೆ.

ಇನ್ನು ಈ ಕಥೆಗೂ ತಮಿಳುನಾಡಿಗೂ ಇರುವ ನಂಟು. ಗಂಡನು ಗೆದ್ದ ಊರಿನ ನೆನಪಿಗೆ ಕಟ್ಟಿದ ಗುಡಿ ಎಂದೆವು. ಗೆದ್ದ ಊರಿನಲ್ಲಿ ವಿಕ್ರಮಾದಿತ್ಯ ಏನು ಮಾಡಿದ? ಕಂಚಿಯ ಕೈಲಾಸನಾಥ ದೇವಾಲಯಕ್ಕೆ ಹೋದವರು ಅಲ್ಲಿಯ ಮಂಟಪದ ಕಂಬವೊಂದರ ಮೇಲೆ ಕನ್ನಡ ಶಾಸನವನ್ನು ಕಾಣಬಹುದು. ಅದು ಇವನದೇ. ಪಲ್ಲವ ರಾಜಸಿಂಹ ಕಟ್ಟಿಸಿದ ಆ ಗುಡಿಯ ಸಂಪತ್ತನ್ನು ಕಣ್ಣಾರೆ ಕಂಡು, ಅದನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟೆ ಎಂದು ಬರೆಸಿದ್ದಾನೆ. ಗೆದ್ದವನು ಗುಡಿ ಒಡೆಯಲಿಲ್ಲ, ಭಂಡಾರ ದೋಚಲಿಲ್ಲ. ಕೊನೆಗೆ ಒಂದು ಶಾಪವನ್ನೂ ಬರೆಸಿದ್ದಾನೆ: ಈ ಅಕ್ಷರಗಳನ್ನೂ ಈ ಧರ್ಮವನ್ನೂ ಕೆಡಿಸಿದವರು ಈ ನಗರದ ಘಟಿಕೆಯ ಮಹಾಜನರನ್ನು ಕೊಂದವರು ಹೋಗುವ ಲೋಕಕ್ಕೆ ಹೋಗಲಿ. ಅಕ್ಷರ ಅಳಿಸುವುದನ್ನು ವಿದ್ವಾಂಸರ ಕೊಲೆಗೆ ಸಮನಾದ ಪಾಪ ಎಂದು ಎಣಿಸಿದ ಕಾಲ ಅದು. ಈ ಮಾತು ಮುಂದೆ ಮತ್ತೆ ಬರುತ್ತದೆ.

ತಮಿಳು ಸೀಮೆಯಲ್ಲಿಯೂ ಶಿಲ್ಪಿಯನ್ನು ಮರೆತಿಲ್ಲ. ತಂಜಾವೂರಿನ ದೊಡ್ಡ ದೇವಾಲಯ 1010ರಲ್ಲಿ ಪೂರ್ತಿಯಾಯಿತು. ತಾನು ಕೊಟ್ಟದ್ದು, ತನ್ನ ಅಕ್ಕ ಕೊಟ್ಟದ್ದು, ರಾಣಿಯರು ಕೊಟ್ಟದ್ದು, ಬೇರೆಯವರು ಕೊಟ್ಟದ್ದು ಎಲ್ಲವನ್ನೂ ಕಲ್ಲಿನ ಮೇಲೆ ಕೆತ್ತಬೇಕೆಂದು ರಾಜರಾಜ ಚೋಳ ಅಪ್ಪಣೆ ಮಾಡಿದ. ಆ ಕಲ್ಲುಗಳ ಮೇಲೆಯೇ ಕುಂಜರಮಲ್ಲನ್ ರಾಜರಾಜ ಪೆರುಂತಚ್ಚನ್ ಎಂಬ ಹೆಸರು ಇದೆ. ಪೆರುಂತಚ್ಚನ್ ಎಂದರೆ ಹಿರಿಯ ತಚ್ಚ, ಮುಖ್ಯ ಶಿಲ್ಪಿ. ಅಲ್ಲಿಯೂ ಶಿಲ್ಪಿಯ ಹೆಸರಿಗೆ ಅರಸನ ಹೆಸರು ಸೇರಿದೆ. ಪಟ್ಟದಕಲ್ಲಿನ ಅನಿವಾರಿತಾಚಾರಿ, ತಂಜಾವೂರಿನ ರಾಜರಾಜ ಪೆರುಂತಚ್ಚನ್, ಭಾಷೆ ಬೇರೆ, ಮರ್ಯಾದೆ ಒಂದೇ. ಎರಡು ಭಾಷೆಗಳ ನಡುವೆ ಬದುಕುವ ಹೊಸೂರು, ತಾಳವಾಡಿ ಸೀಮೆಯ ಜನರಿಗೆ ಇದು ಸಂತೋಷದ ವಿಷಯ.

ಹೊಯ್ಸಳರ ಕಾಲಕ್ಕೆ ಬಂದರೆ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ವಿಗ್ರಹದ ಪೀಠದಲ್ಲಿ ಕೆತ್ತಿಕೊಳ್ಳುವ ಪದ್ಧತಿ ಬಂತು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳಿವೆ. ದಾಸೋಜ ತನ್ನ ಹೆಸರಿನ ಜೊತೆಗೆ ತನ್ನ ಊರಿನ ಹೆಸರನ್ನೂ ಕೆತ್ತಿದ. ಬಳ್ಳಿಗಾವೆ ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಒಂದು ಸಣ್ಣ ಊರು, ಬಳ್ಳಿಗಾವಿ. ಎಲ್ಲಿಯ ಬಳ್ಳಿಗಾವಿ, ಎಲ್ಲಿಯ ಬೇಲೂರು! ಕೆಲಸಕ್ಕೆ ಹೋದ ಕಡೆ ತನ್ನ ಊರನ್ನು ನೆನೆದ. ಒಂಬೈನೂರು ವರ್ಷ ಕಳೆದರೂ ಬೇಲೂರಿಗೆ ಹೋದವರು ಬಳ್ಳಿಗಾವಿಯ ಹೆಸರು ಕೇಳುತ್ತಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಇಷ್ಟು ಹೊತ್ತಿಗೆ ಸಭೆಯಲ್ಲಿ ಕೂತ ತಾಯಂದಿರ ಮನಸ್ಸಿನಲ್ಲಿ ಒಂದು ಹೆಸರು ಬಂದಿರಲೇಬೇಕು. ಜಕಣಾಚಾರಿಯ ಹೆಸರು ಏಕೆ ಇನ್ನೂ ಬರಲಿಲ್ಲ ಎಂದು.

ಅಮರಶಿಲ್ಪಿ ಜಕಣಾಚಾರಿಯ ಕಥೆ ಗೊತ್ತಿಲ್ಲದ ಕನ್ನಡಿಗರಿಲ್ಲ. 1964ರಲ್ಲಿ ಬಿ. ಎಸ್. ರಂಗಾ ಅವರು ಬಣ್ಣದಲ್ಲಿ ತೆಗೆದ ಸಿನಿಮಾ ನೋಡಿದವರು ಹಳಬರಲ್ಲಿ ಬಹಳ ಮಂದಿ. ತುಮಕೂರಿನ ಹತ್ತಿರ ಕ್ರೀಡಾಪುರ ಎಂಬ ಊರಿನ ಜಕಣ ಹೆಂಡತಿಯನ್ನು ಬಿಟ್ಟು ಕಲೆಯ ಹಿಂದೆ ಹೊರಟ. ಅವನು ಹೋದ ಮೇಲೆ ಹುಟ್ಟಿದ ಮಗ ಡಂಕಣ, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದ. ತಂದೆ ಮಾಡಿದ ಚೆನ್ನಿಗರಾಯನ ವಿಗ್ರಹದಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣ ಪಣ ತೊಟ್ಟ. ಮೈಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಗಂಧ ಒಣಗಿತು, ಹೊಕ್ಕುಳ ಹತ್ತಿರ ಒಣಗಲಿಲ್ಲ. ಅಲ್ಲಿ ಕೊರೆದರೆ ನೀರು, ಮರಳು, ಒಂದು ಜೀವಂತ ಕಪ್ಪೆ ಹೊರಬಂತು. ಜಕಣ ಕೈ ಕಡಿದುಕೊಂಡ. ಆಮೇಲೆ ತಂದೆ ಮಗನೆಂದು ಒಬ್ಬರನ್ನೊಬ್ಬರು ಗುರುತಿಸಿದರು. ಹುಟ್ಟಿದ ಊರಿನಲ್ಲಿ ಗುಡಿ ಕಟ್ಟು ಎಂದು ಕೇಶವ ಸ್ವಪ್ನದಲ್ಲಿ ಹೇಳಿದ. ಕಟ್ಟಿದ ಮೇಲೆ ಹೋದ ಕೈ ಮತ್ತೆ ಬಂತು. ಕ್ರೀಡಾಪುರ ಕೈದಾಳವಾಯಿತು.

ಕೈದಾಳ ಇಂದಿಗೂ ಇದೆ, ಚೆನ್ನಕೇಶವನ ಗುಡಿ ಇಂದಿಗೂ ಇದೆ. ಆದರೆ ಅಲ್ಲಿಯ ಶಾಸನ ಹೇಳುವ ಕಥೆ ಬೇರೆ. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1150ರ ಸುಮಾರಿಗೆ, ಸಾಮಂತ ಬಾಚಿ ಕಟ್ಟಿಸಿದ ಗುಡಿ ಅದು. ಜಕಣನ ಚರಿತ್ರೆಗೆ ಗಟ್ಟಿಯಾದ ಕಲ್ಲಿನ ಆಧಾರವಿಲ್ಲ ಎಂದು ವಿದ್ವಾಂಸರು ಹೇಳುತ್ತಾರೆ. ಬೇಲೂರಿನ ಕಲ್ಲುಗಳಲ್ಲಿ ಓದಿದ ಹೆಸರುಗಳು ದಾಸೋಜ, ಚಾವಣರವು.

ಹಾಗಾದರೆ ಜನ ಸುಳ್ಳು ಹೇಳಿದರೇ? ಹಾಗಲ್ಲ. ದೊರೆಗಳ ಹೆಸರು ಕಲ್ಲಿನಲ್ಲಿತ್ತು. ಕಟ್ಟಿದವನೂ ಒಬ್ಬನಿದ್ದ, ಅವನಿಗೂ ಹೆಂಡತಿ ಮಕ್ಕಳಿದ್ದರು, ಅವನೂ ನೋವು ಉಂಡಿದ್ದ ಎಂಬುದನ್ನು ಜನ ಮರೆಯಲೊಪ್ಪಲಿಲ್ಲ. ಹೆಸರಿಲ್ಲದ ಸಾವಿರ ಶಿಲ್ಪಿಗಳಿಗೆ ಒಂದು ಹೆಸರು ಕೊಟ್ಟರು. ಫಲಕದ ಮೇಲೆ ಹೆಸರು ಬರೆಸಲು ಅವರಲ್ಲಿ ಕಾಸಿರಲಿಲ್ಲ, ಊರಿನ ಹೆಸರನ್ನೇ ಫಲಕ ಮಾಡಿದರು. ಕೈದಾಳ ಎಂದು ಹೇಳಿದಾಗಲೆಲ್ಲ ಶಿಲ್ಪಿಯ ಕೈ ನೆನಪಾಗುತ್ತದೆ. ಒಬ್ಬ ಶಿಲ್ಪಿಗೆ ಅವನ ಹುಟ್ಟೂರಿನಲ್ಲಿ ಇದಕ್ಕಿಂತ ದೊಡ್ಡ ಸ್ಮಾರಕ ಬೇಕೇ? ಕರ್ನಾಟಕ ಸರ್ಕಾರ ಅವನ ಹೆಸರಿನಲ್ಲಿ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ. 2021ರಿಂದ ಜನವರಿ 1ನ್ನು ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣಾ ದಿನವಾಗಿ ಆಚರಿಸುತ್ತಿದೆ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಜಕಣನಿಗೆ ಕಥೆ ಇದೆ, ಕಲ್ಲು ಇಲ್ಲ. ಗುಂಡ ಅನಿವಾರಿತಾಚಾರಿಗೆ ಕಲ್ಲು ಇದೆ, ಕಥೆ ಇಲ್ಲ. ಕಲ್ಲಿಲ್ಲದ ಜಕಣನನ್ನು ನಾಡೆಲ್ಲ ಬಲ್ಲದು. ಕಲ್ಲಿರುವ ಗುಂಡನ ಹೆಸರನ್ನು ಪಟ್ಟದಕಲ್ಲಿಗೆ ಹೋಗಿ ಬಂದವರಲ್ಲಿಯೂ ಎಷ್ಟು ಜನ ಹೇಳಬಲ್ಲರು? ಬಾಗಿಲಲ್ಲೇ ಬರೆದಿದೆ. ಆದರೆ ಆ ಹಳಗನ್ನಡದ ಲಿಪಿಯನ್ನು ಓದಿ ಹೇಳುವವರಿಲ್ಲದೆ ಜನ ಅದನ್ನು ದಾಟಿಕೊಂಡು ಹೋಗುತ್ತಾರೆ. ಇದರಿಂದ ತಿಳಿಯುವುದು ಇಷ್ಟು: ಕಲ್ಲಿನ ಮೇಲೆ ಕೆತ್ತಿದರೆ ಅರ್ಧ ಕೆಲಸ ಆಯಿತು. ಅದನ್ನು ಓದಿ, ಬಾಯಲ್ಲಿ ಹೇಳಿ, ಮಕ್ಕಳಿಗೆ ದಾಟಿಸಿದರೆ ಉಳಿದ ಅರ್ಧ.

ಗಡಿಯಾಚೆಯ ಕನ್ನಡಿಗರಿಗೆ ಈ ಮಾತು ಹೆಚ್ಚು ತಟ್ಟಬೇಕು. ಹೊಸೂರಿನ ಕಡೆಯಿರಲಿ, ಮಡಕಶಿರಾ, ರಾಯದುರ್ಗ, ಆದೋನಿ, ಸೊಲ್ಲಾಪುರ, ಕಾಸರಗೋಡು ಕಡೆಯಿರಲಿ, ಹಳೆಯ ಗುಡಿಗಳ ಗೋಡೆ ಕಂಬಗಳ ಮೇಲೆ ಕನ್ನಡದ ಅಕ್ಷರಗಳು ಉಳಿದಿವೆ. ಈ ಸೀಮೆಗಳಲ್ಲಿ ಕನ್ನಡ ಎಷ್ಟು ಹಳೆಯದು ಎಂದು ಯಾರಾದರೂ ಕೇಳಿದರೆ ಭಾಷಣ ಬೇಕಾಗಿಲ್ಲ, ಆ ಕಲ್ಲು ತೋರಿಸಿದರೆ ಸಾಕು. ಆದರೆ ಏನಾಗುತ್ತಿದೆ? ಹಬ್ಬಕ್ಕೆ ಸುಣ್ಣ ಬಳಿಯುತ್ತಾರೆ, ವರ್ಷ ವರ್ಷ ಬಳಿದ ಸುಣ್ಣದ ಪದರದಲ್ಲಿ ಅಕ್ಷರ ಮುಚ್ಚಿಹೋಗುತ್ತದೆ. ಕಂಬ ಚೆನ್ನಾಗಿ ಕಾಣಲಿ ಎಂದು ಎಣ್ಣೆಬಣ್ಣ ಹೊಡೆಸುತ್ತಾರೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚಪ್ಪಡಿ ತೆಗೆದು ಟೈಲ್ಸ್ ಹಾಕಿಸುತ್ತಾರೆ, ಬರಹದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಯಂತ್ರದಿಂದ ಮರಳು ಊದಿ ಕಲ್ಲು ತೊಳೆಸಿದರೆ ಕೊಳೆಯ ಜೊತೆ ಅಕ್ಷರವೂ ಸವೆದುಹೋಗುತ್ತದೆ. ಇದೆಲ್ಲ ಭಕ್ತಿಯಿಂದಲೇ ನಡೆಯುತ್ತದೆ, ದ್ವೇಷದಿಂದ ಅಲ್ಲ. ಆದರೆ ಕಂಚಿಯ ಕಂಬದ ಮೇಲಿನ ಶಾಪ ಭಕ್ತಿಯಿಂದ ಅಳಿಸಿದವರನ್ನು ಬೇರೆ ಮಾಡಿ ಹೇಳಿಲ್ಲ.

ಆದ್ದರಿಂದ ದೇವಸ್ಥಾನಗಳ ಆಡಳಿತ ನೋಡುವವರೂ ಭಕ್ತರೂ ಸೇರಿ ಮಾಡಬಹುದಾದ ಕೆಲವು ಕೆಲಸಗಳಿವೆ. ಯಾವುದಕ್ಕೂ ಹೆಚ್ಚು ಹಣ ಬೇಕಾಗಿಲ್ಲ.

ಒಂದು, ಹಳೆಯ ಗುಡಿಯಲ್ಲಿ ಬರಹ ಕಂಡರೆ ಅದನ್ನು ಉಳಿ ಹಾಕಿ ಕೆರೆಯದೆ, ಸುಣ್ಣ ಬಣ್ಣ ಹಚ್ಚದೆ, ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಇಲಾಖೆಯ ಶಾಸನ ಶಾಖೆಗಾಗಲಿ ಹತ್ತಿರದ ವಿಶ್ವವಿದ್ಯಾಲಯಕ್ಕಾಗಲಿ ತಿಳಿಸಬೇಕು. ಅವರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಮಸಿ ಒತ್ತಿ ಪ್ರತಿ ತೆಗೆಯುತ್ತಾರೆ. ಕಲ್ಲಿಗೆ ನೋವಾಗುವುದಿಲ್ಲ, ಅಕ್ಷರ ಕಾಗದಕ್ಕೆ ಬರುತ್ತದೆ.

ಎರಡು, ಓದಿಸಿದ ಶಾಸನದ ಸಾರವನ್ನು ಈಗಿನ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಸಿ ಪಕ್ಕದಲ್ಲಿ ನಿಲ್ಲಿಸಬೇಕು. ಹಳೆಯ ಗೋಡೆಗೆ ಮೊಳೆ ಹೊಡೆಯಬಾರದು, ಬೇರೆ ಕಂಬ ನೆಟ್ಟು ನಿಲ್ಲಿಸಬೇಕು. ದೇವಸ್ಥಾನ ಯಾವ ಇಲಾಖೆಗೆ ಸೇರಿದೆಯೋ ಅಲ್ಲಿ ಮೊದಲು ಅನುಮತಿ ಪಡೆಯಬೇಕು.

ಮೂರು, ಹೊಸ ಗುಡಿ, ಹೊಸ ಗೋಪುರ, ಹೊಸ ರಥ ಯಾವುದೇ ಆಗಲಿ, ದಾನಿಗಳ ಫಲಕದ ಪಕ್ಕದಲ್ಲಿ ಕೆಲಸ ಮಾಡಿದವರ ಫಲಕವೂ ಇರಬೇಕು. ಸ್ಥಪತಿಯ ಹೆಸರು, ಅವನ ತಂದೆಯ ಅಥವಾ ಗುರುವಿನ ಹೆಸರು, ಅವನ ಊರು, ಮಾಡಿದ ಕೆಲಸ, ಶಕವರ್ಷ ಮತ್ತು ಇಸವಿ. ದಾಸೋಜ ಊರನ್ನು ಬರೆದುಕೊಂಡ ಹಾಗೆ ಊರು ಖಂಡಿತ ಇರಬೇಕು. ಕಲ್ಲು ಕೆಲಸದವರು, ಮರಗೆಲಸದವರು, ಕಮ್ಮಾರರು, ಕಳಶ ಎರಕ ಹೊಯ್ದವರು, ಗಾರೆಯವರು, ಯಾರ ಹೆಸರೂ ಬಿಡಬಾರದು. ತೇರಿನ ಗಾಲಿ ಮಾಡಿದವನ ಕೈ ಗಟ್ಟಿ ಇಲ್ಲದಿದ್ದರೆ ಹಗ್ಗ ಹಿಡಿದವರ ಗತಿ ಏನು?

ನಾಲ್ಕು, ಬಣ್ಣದಲ್ಲಿ ಬರೆದ ಅಕ್ಷರ ನಿಲ್ಲುವುದಿಲ್ಲ. ಎಣ್ಣೆ, ಕುಂಕುಮ, ಅಭಿಷೇಕದ ನೀರು ಬಿದ್ದು ಕೆಲವೇ ವರ್ಷಗಳಲ್ಲಿ ಅಳಿಸಿಹೋಗುತ್ತದೆ. ಗಟ್ಟಿಯಾದ ಕರಿಕಲ್ಲಿನಲ್ಲಿ ಆಳವಾಗಿ ಕೆತ್ತಿಸಬೇಕು. ಹುಂಡಿಯ ಹಿಂದೆಯೋ, ದೀಪದ ಕಂಬದ ಕೆಳಗೋ ಇಡದೆ, ಬಾಗಿಲ ಹತ್ತಿರ, ನಿಂತು ಓದುವ ಎತ್ತರದಲ್ಲಿ ಇಡಬೇಕು. ಲೋಕಮಹಾದೇವಿ ಬಾಗಿಲನ್ನು ಆರಿಸಿಕೊಂಡದ್ದನ್ನು ಮರೆಯಬಾರದು.

ಐದು, ರಥೋತ್ಸವದ ದಿನ ದಾನಿಗಳ ಹೆಸರು ಓದುವಾಗ ಆ ಫಲಕದ ಹೆಸರುಗಳನ್ನೂ ಮೈಕಿನಲ್ಲಿ ಒಮ್ಮೆ ಓದಬೇಕು. ಓದುವ ಕೆಲಸವನ್ನು ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಬೇಕು. ಶಾಲೆಯಲ್ಲಿ ಕನ್ನಡ ಸಿಗದ ಮಗು ಕಲ್ಲಿನ ಮೇಲಿನ ಆ ನಾಲ್ಕು ಹೆಸರುಗಳಿಂದಲಾದರೂ ಅಕ್ಷರ ಕಲಿಯಲಿ.

ಇದಕ್ಕೆ ಒಂದು ಆಕ್ಷೇಪಣೆ ಬರುವುದು ಸಹಜ. ದೇವರ ಕೆಲಸ ನಿಷ್ಕಾಮವಾಗಿ ಆಗಬೇಕು, ಹೆಸರು ಬಯಸಿದರೆ ಪುಣ್ಯ ಕಡಿಮೆಯಾಗುತ್ತದೆ, ಶಿಲ್ಪಿಗೆ ಏಕೆ ಈ ಆಸೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಪಟ್ಟದಕಲ್ಲಿನ ಕಲ್ಲನ್ನು ಇನ್ನೊಮ್ಮೆ ನೋಡಬೇಕು. ಅಲ್ಲಿ ಹೆಸರನ್ನು ಶಿಲ್ಪಿ ಕೇಳಿ ಪಡೆದದ್ದಲ್ಲ, ಕಟ್ಟಿಸಿದವರು ಕೊಟ್ಟದ್ದು. ಹೆಸರು ಬೇಡ ಎನ್ನುವುದು ಕೆಲಸ ಮಾಡಿದವನ ದೊಡ್ಡತನ. ಹೆಸರು ಬರೆಸದೆ ಇರುವುದು ಕೆಲಸ ಮಾಡಿಸಿಕೊಂಡವರ ಸಣ್ಣತನ. ಎರಡಕ್ಕೂ ವ್ಯತ್ಯಾಸ ಉಂಟು. ನಿಷ್ಕಾಮ ಎಂಬ ನಿಯಮ ದಾನಿಗೂ ಒಂದೇ, ಶಿಲ್ಪಿಗೂ ಒಂದೇ. ದಾನಿಯ ಫಲಕ ತೂಗುಹಾಕಿದ ಮೇಲೆ ಶಿಲ್ಪಿಗೆ ಮಾತ್ರ ವೇದಾಂತ ಹೇಳುವುದು ನ್ಯಾಯವಲ್ಲ. ದುಡಿಮೆಯನ್ನೇ ಪೂಜೆ ಎಂದು ಹೇಳಿದ ಶರಣರ ಭಾಷೆ ಕನ್ನಡ. ಆ ಭಾಷೆಯವರು ಕಾಯಕದವನ ಹೆಸರನ್ನು ಖರ್ಚಿನ ಪುಸ್ತಕದಲ್ಲಿ ಬಿಟ್ಟುಬಿಡಬಾರದು.

ಸದ್ಭಕ್ತರೇ, ವಿಕ್ರಮಾದಿತ್ಯನ ರಾಜ್ಯ ಇಂದು ಇಲ್ಲ. ಅವನ ಮಗ ಕೀರ್ತಿವರ್ಮನ ಕಾಲಕ್ಕೇ ಬಾದಾಮಿ ಚಾಲುಕ್ಯರ ಆಳ್ವಿಕೆ ಮುಗಿದು ರಾಷ್ಟ್ರಕೂಟರು ಬಂದರು. ಕಂಚಿಯ ಗೆಲುವಿನಿಂದ ಇಂದು ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಲೋಕೇಶ್ವರನ ಗುಡಿ ಮಾತ್ರ ನಿಂತಿದೆ, ದೀಪ ಉರಿಯುತ್ತಿದೆ, ಬಾಗಿಲಲ್ಲಿ ಗುಂಡನ ಹೆಸರು ಇದೆ. ಯಾವುದು ಉಳಿಯಬೇಕೆಂದು ರಾಣಿ ಬಯಸಿದಳೋ ಅದು ಉಳಿದಿದೆ.

ಮುಂದಿನ ಬಾರಿ ಬಾದಾಮಿ ಬನಶಂಕರಿಯ ದರ್ಶನಕ್ಕೆ ಹೋಗುವವರು ಪಟ್ಟದಕಲ್ಲಿಗೂ ಹೋಗಿ ಬನ್ನಿ. ವಿರೂಪಾಕ್ಷನಿಗೆ ಕೈಮುಗಿಯುವ ಮೊದಲು ಮೂಡಣ ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿ. ಜೊತೆಯಲ್ಲಿರುವ ಮಕ್ಕಳಿಗೆ, ಈ ಗುಡಿ ಕಟ್ಟಿದವನು ಗುಂಡ ಅನಿವಾರಿತಾಚಾರಿ ಎಂದು ಬಾಯಿಬಿಟ್ಟು ಹೇಳಿ. ದೇವರು ಎಲ್ಲರಿಗೂ ಆಯುರಾರೋಗ್ಯ ಕೊಡಲಿ, ದುಡಿದ ಕೈಗಳನ್ನು ನೆನೆಯುವ ಬುದ್ಧಿಯನ್ನೂ ಕೊಡಲಿ.

ಸರ್ವೇ ಜನಾಃ ಸುಖಿನೋ ಭವಂತು.